ಆನೆ ಇನ್ನೂ ತೋಟದಲ್ಲೇ ಇರುವಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ, ಬರೆಯಲು ಅವರ ಒಪ್ಪಿಗೆಯಿದೆ.)

ಗಿರಿಜಮ್ಮ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿರುವ (ಕಾರ್ಮಿಕರಿಗಾಗಿ ಒಂದಕ್ಕೊಂದು ಅಂಟಿಸಿ ಸಾಲಾಗಿ ಕಟ್ಟಿದ ಮನೆ) ಕೂಲಿ ಕಾರ್ಮಿಕೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟಾಗ ಒಂಟಿ ಸಲಗ ಎದುರಾಗಿ, ಜೊತೆಯಲ್ಲಿದ್ದ ಗೆಳತಿ ಅದರ ತುಳಿತಕ್ಕೆ ಸಿಕ್ಕಿ ತೀರಿಕೊಂಡರು; ಇವರು ಅಗಳಿಗೆ (ಕಂದಕಕ್ಕೆ) ಹಾರಿ ಬದುಕಿಕೊಂಡರು. ತಿಂಗಳುಗಳು ಕಳೆದರೂ ನಿದ್ದೆ ಹತ್ತುತ್ತಿರಲಿಲ್ಲ. ಮರಕಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ನಡೆಯುವಾಗ ಕೊಂಬೆ ಮುರಿದ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಬಿಸಾಡಿ ಓಡುತ್ತಿದ್ದರು. ಗಾಳಿ ಸೋಕಿದೆಯೆಂದು ಅತ್ತೆ ತಾಯಿತ ಕಟ್ಟಿಸಿದ್ದರು. ಅದನ್ನು ತೆಗೆಯಿರಿ ಎಂದು ಅವರ ಆಪ್ತಸಲಹೆಗಾರ್ತಿಯಾದ ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮನೋವೈದ್ಯರು ಪರೀಕ್ಷಿಸಿ, ಇದು ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಎಂದು ಖಚಿತಪಡಿಸಿದರು.

ಈ ಕಾಯಿಲೆಗೆ ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಅರಿವು-ವರ್ತನಾ ಚಿಕಿತ್ಸೆಯನ್ನು (ಯೋಚನೆ ಮತ್ತು ವರ್ತನೆಯನ್ನು ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ) ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಶಿಫಾರಸು ಮಾಡುತ್ತದೆ. ಅದರಲ್ಲೊಂದಾದ, ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪದ್ಧತಿಯಲ್ಲಿ, ವ್ಯಕ್ತಿ ತಾನು ದೂರವಿಟ್ಟ ನೆನಪಿನ ಹತ್ತಿರಕ್ಕೂ ಜಾಗಗಳ ಹತ್ತಿರಕ್ಕೂ ಹಂತಹಂತವಾಗಿ ಮರಳುತ್ತಾನೆ. ಹೀಗೆ ಮರಳುವ ಜಾಗದಲ್ಲಿ ಈಗ ಅಪಾಯವಿಲ್ಲ ಎಂಬುದು ಅದರ ಆಧಾರ. ಗಿರಿಜಮ್ಮನವರ ತೋಟದಲ್ಲಿ ಆನೆ ಇಂದಿಗೂ ಓಡಾಡುತ್ತದೆ. ಆದ್ದರಿಂದ ಪುಸ್ತಕದಲ್ಲಿರುವಂತೆ ಅವರನ್ನು ಆ ದಾರಿಯಲ್ಲಿ ನಡೆಯಿರಿ ಎನ್ನುವುದು ತಪ್ಪಾಗುತ್ತಿತ್ತು. ಇಬ್ಬರೂ ಕುಳಿತು, ಯಾವ ಭಯ ಅವರನ್ನು ಕಾಯುತ್ತಿದೆ, ಯಾವುದು ಸುಮ್ಮನೆ ಕಟ್ಟಿಹಾಕಿದೆ ಎಂದು ಬೇರ್ಪಡಿಸಿದೆವು. ಮಂಜು ಕರಗುವ ಮೊದಲು ಒಬ್ಬರೇ ಹೊರಡದಿರುವುದು, ಆನೆ ಬಂದಿದೆ ಎಂಬ ಅರಣ್ಯ ಇಲಾಖೆಯ ಸಂದೇಶವಿಲ್ಲ ಎಂದು ಕೇಳಿ ತಿಳಿದ ಮೇಲೆಯೇ ಕಾಲಿಡುವುದು ಮೊದಲ ಗುಂಪಿಗೆ ಸೇರಿದವು, ಅವನ್ನು ಬಿಡಬಾರದು. ಕಾಫಿ ಒಣಗಿಸುವ ಕಣ, ಬಸ್ ನಿಲ್ದಾಣ, ಹಾಡಹಗಲಿನ ಕೊಂಬೆಯ ಸದ್ದು ಎರಡನೆಯ ಗುಂಪಿನವು. ಅಭ್ಯಾಸ ನಡೆದದ್ದು ಇವುಗಳಲ್ಲಿ ಮಾತ್ರ. ಮರಕಸಿಯವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಗಂಡನ ಜೊತೆ ನಿಂತು, ಎದೆಬಡಿತ ತಗ್ಗುವವರೆಗೂ ಅಲ್ಲೇ ಇರುವುದು ಮೊದಲ ಮೆಟ್ಟಿಲಾಯಿತು.

ಕಣ್ಣು ಮುಚ್ಚಿ ಉಸಿರು ಗಮನಿಸುವ ಅಭ್ಯಾಸ ಅವರಿಗೆ ಹಿಡಿಸಲಿಲ್ಲ, ಕತ್ತಲಾದೊಡನೆ ಅಗಳೇ ಕಾಣುತ್ತಿತ್ತು. ಬದಲಿಗೆ ಕಣ್ಣು ತೆರೆದುಕೊಂಡು, ಅಂಗಾಲನ್ನು ನೆಲಕ್ಕೆ ಒತ್ತಿ, ಎದುರಿಗಿರುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದನ್ನು ಕಲಿಸಿದೆ. ಓದು ಬರಹ ಬಾರದ ಅವರಿಗೆ ಡೈರಿ ಬರೆಯಲು ಹೇಳುವಂತಿರಲಿಲ್ಲ. ಘಟನೆಯನ್ನು ಹೇಳುವಾಗ ಧ್ವನಿಮುದ್ರಿಸಿ ಮನೆಯಲ್ಲಿ ಕೇಳಿಸಿಕೊಳ್ಳುವುದು ಈ ಚಿಕಿತ್ಸೆಯ ರೂಢಿ. ಲೈನ್ ಮನೆಯ ಗೋಡೆ ದಾಟಿ ಎಲ್ಲವೂ ಪಕ್ಕದ ಮನೆಗೆ ಕೇಳುತ್ತದಾದ್ದರಿಂದ ಅದನ್ನು ನನ್ನ ಕೋಣೆಯಲ್ಲೇ ಕೇಳಿದರು.

ಎಲ್ಲಕ್ಕಿಂತ ಭಾರವಾಗಿದ್ದದ್ದು “ಅವಳ ಕೈ ಬಿಟ್ಟುಬಿಟ್ಟೆ ಮೇಡಂ” ಎಂಬ ಮಾತು. ನಿಮ್ಮ ತಪ್ಪಿಲ್ಲ ಎಂದು ನಾನು ವಾದಿಸಲಿಲ್ಲ. ಆ ಮಾತನ್ನು ಊರೆಲ್ಲ ಆಗಲೇ ಹೇಳಿತ್ತು. ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನಿಟ್ಟು ಆನೆ ಎಲ್ಲಿತ್ತು, ಅವರಿಬ್ಬರು ಎಲ್ಲಿದ್ದರು, ಅಗಳು ಎಷ್ಟು ದೂರವಿತ್ತು ಎಂದು ತೋರಿಸಲು ಕೇಳಿದೆ. ಕಡ್ಡಿಗಳನ್ನು ಹಲವು ಸಲ ಸರಿಸಿ ನೋಡಿದ ಮೇಲೆ, “ಹಿಡ್ಕೊಂಡಿದ್ರೆ ಇಬ್ರೂ ಹೋಗ್ತಿದ್ವಿ” ಎಂದು ಅವರೇ ಹೇಳಿದರು. ಅಂದು ಅವರು ಅತ್ತದ್ದು ಗೆಳತಿಗಾಗಿ.

ಮನೆಯವರಿಗೆ ನಾನು ಹೇಳಿದ್ದು ಇಷ್ಟು: ಮರೆತುಬಿಡು ಎನ್ನಬೇಡಿ, ಹೇಳು ಹೇಳು ಎಂದು ಪೀಡಿಸಲೂ ಬೇಡಿ, ವೈದ್ಯರನ್ನು ಕೇಳದೆ ಅಂಗಡಿಯಿಂದ ನಿದ್ದೆ ಮಾತ್ರೆ ತರಬೇಡಿ, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ತೋಟದ ರೈಟರ್ (ಕೂಲಿಯವರ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಕಾಳಜಿಯಿಂದಲೇ ವಿವರ ಕೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆಯೆಂದು ತಿಳಿಸಿ, ಇವರನ್ನು ಸದ್ಯ ಗುಂಪಿನ ಕೆಲಸಕ್ಕೇ ಹಾಕುವಂತೆ, ಗಿರಿಜಮ್ಮನವರ ಒಪ್ಪಿಗೆ ಪಡೆದು, ಕೋರಿದೆ.

ಈಗ ಅವರು ಕೆಲಸಕ್ಕೆ ಹೋಗುತ್ತಿದ್ದಾರೆ, ಹೆಚ್ಚಿನ ರಾತ್ರಿಗಳಲ್ಲಿ ನಿದ್ದೆ ಬರುತ್ತಿದೆ. ಆನೆ ಎದುರಾದ ಆ ತಿರುವಿನ ದಾರಿಯನ್ನು ಮಾತ್ರ ಬಳಸುವುದಿಲ್ಲ; ಸುತ್ತುದಾರಿಯಿರುವಾಗ ಅದಕ್ಕಾಗಿ ನಾನು ಒತ್ತಾಯಿಸುವುದಿಲ್ಲ. ಮುಂದಿನ ಮರಕಸಿ ಶುರುವಾಗುವ ಮೊದಲು ಒಮ್ಮೆ ಬಂದು ಹೋಗಲು ತಿಳಿಸಿದ್ದೇನೆ.