ಬ್ಯಾಲಮ್ ಸ್ಟೇಷನ್ನಿಗೆ ನುಗ್ಗಿದ ನೀರು

ಪ್ರಶ್ನೆ: ದಕ್ಷಿಣ ಲಂಡನ್ನಿನ ಬ್ಯಾಲಮ್ ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್‌ನಲ್ಲಿ ಯುದ್ಧಕಾಲದ ಬಾಂಬಿಗೆ ಸತ್ತವರ ನೆನಪಿನ ಫಲಕ ನೋಡಿದೆ. ನೆಲದಡಿ ಇದ್ದವರು ಸತ್ತದ್ದು ಹೇಗೆ? ಎಷ್ಟು ಜನ ಅಂತ ಅದರಲ್ಲಿ ಯಾಕೆ ಬರೆದಿಲ್ಲ? ಅಂದಹಾಗೆ, ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಸ್ಟೇಷನ್ ಯಾಕೆ?

ಉತ್ತರ: ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಮಾಮೂಲಿ ರೈಲು ಅಲ್ಲಿಗೆ 1856ರಲ್ಲೇ ಬಂದಿತ್ತು. ಹೊಲ, ತೋಟ ಇದ್ದ ಜಾಗದಲ್ಲಿ ಸಾಲು ಮನೆಗಳು ಎದ್ದದ್ದು ಆಮೇಲೆ. ಟ್ಯೂಬ್ ಬಂದದ್ದು 70 ವರ್ಷ ತಡವಾಗಿ. ಮಾರ್ಡನ್‌ವರೆಗಿನ ಹೊಸ ದಾರಿ 1926ರ ಸೆಪ್ಟೆಂಬರ್‌ನಲ್ಲಿ ಶುರುವಾದರೂ ಬ್ಯಾಲಮ್ ಸ್ಟೇಷನ್ನಿನ ಬಾಗಿಲು ತೆರೆದದ್ದು ಡಿಸೆಂಬರ್‌ನಲ್ಲಿ. ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ ಆ ದಾರಿಯ ಸ್ಟೇಷನ್‌ಗಳಿಗೆ ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲಿನ ಮುಖ ಕೊಟ್ಟರು. ಬ್ಯಾಲಮ್‌ನಲ್ಲಿ ರಸ್ತೆಯ ಎರಡೂ ಬದಿಗೆ ಒಂದೊಂದು ಬಾಗಿಲಿದೆ, ಇವತ್ತಿಗೂ ನೋಡೋಕೆ ಚಂದ.

ಆ ರಸ್ತೆ ರೋಮನ್ನರ ಕಾಲದ್ದು. ಲಂಡನ್‌ನಿಂದ ಚಿಚೆಸ್ಟರ್‌ಗೆ ಹೋಗುತ್ತಿದ್ದ ಸ್ಟೇನ್ ಸ್ಟ್ರೀಟ್ ಅದು. ಟ್ಯೂಬ್ ಸುರಂಗವೂ ಅದರ ಕೆಳಗೇ ಸಾಗುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅರ್ಧ ಇಲ್ಲೇ ಇದೆ.

1940ರ ಅಕ್ಟೋಬರ್ 14, ರಾತ್ರಿ 8 ಗಂಟೆ ದಾಟಿತ್ತು. ಜರ್ಮನ್ ವಿಮಾನಗಳ ದಾಳಿಗೆ ಹೆದರಿ ನೂರಾರು ಜನ ಪ್ಲಾಟ್‌ಫಾರ್ಮ್‌ನಲ್ಲೇ ಹಾಸಿಗೆ ಹಾಸಿಕೊಂಡಿದ್ದರು. ಸುಮಾರು 1,400 ಕಿಲೋ ತೂಕದ ಬಾಂಬ್ ನೇರ ರಸ್ತೆಗೆ ಬಿತ್ತು, ಸುಮ್ನೆ ಮೇಲೆ ಸಿಡಿದು ನಿಲ್ಲದೆ ನೆಲ ಕೊರೆದುಕೊಂಡು ಪ್ಲಾಟ್‌ಫಾರ್ಮ್‌ಗಳ ಮೇಲ್ಭಾಗದಲ್ಲಿ ಸ್ಫೋಟಿಸಿತು. ಸ್ಟೇಷನ್ ಅಷ್ಟೇನೂ ಆಳವಿಲ್ಲ. ಸುರಂಗದ ಚಾವಣಿ ಒಂದು ಕಡೆ ಒಡೆಯಿತು, ಜೊತೆಗೆ ರಸ್ತೆಯಡಿ ಹಾದುಹೋಗಿದ್ದ ನೀರಿನ ದೊಡ್ಡ ಪೈಪುಗಳೂ ಚರಂಡಿಯೂ ಒಡೆದವು. ದೀಪ ಆರಿತು. ಕತ್ತಲಲ್ಲಿ ಮಣ್ಣು, ಜಲ್ಲಿ, ಕೊಳಚೆ ನೀರು ಒಟ್ಟಿಗೆ ಒಳಗೆ ನುಗ್ಗಿದವು. ಅಂದರೆ ಬಾಂಬಿನಷ್ಟೇ ಈ ಕೆಸರೂ ಜೀವ ತೆಗೆಯಿತು. ಆಕಾಶಕ್ಕೆ ಹೆದರಿ ಕೆಳಗಿಳಿದವರು ನೀರಲ್ಲಿ ಮುಳುಗಿದರು ಅಂದ್ರೆ ಈಗಲೂ ನಂಬೋಕೆ ಕಷ್ಟ, ಅಲ್ವಾ?

ಮೇಲೆ ಇನ್ನೊಂದು ಕಥೆ. ದಾಳಿಯ ಭಯಕ್ಕೆ ಊರಿಡೀ ದೀಪ ಆರಿಸಿದ್ದರಿಂದ ಮುಂದೆ ಗುಂಡಿ ಬಿದ್ದಿರುವುದು ಕಾಣದೆ 88ನೇ ನಂಬರಿನ ಡಬಲ್ ಡೆಕ್ಕರ್ ಬಸ್ಸು ನೇರ ಅದರೊಳಗೆ ಹೋಯಿತು. ಬ್ಯಾಲಮ್ ಅಂದರೆ ಎಲ್ಲರೂ ತೋರಿಸುವುದು ಆ ಬಸ್ಸಿನ ಫೋಟೋವನ್ನೇ, ಕೆಳಗಿನವರ ವಿಷಯ ಗೊತ್ತಿರುವವರು ಕಡಿಮೆ. ಸ್ಟೇಷನ್ ಮತ್ತೆ ತೆರೆದದ್ದು 1941ರ ಜನವರಿಯಲ್ಲಿ.

ಇನ್ನು ಲೆಕ್ಕದ ವಿಷಯ. 64, 66, 68 ಅಂತ ಒಂದೊಂದು ಕಡೆ ಒಂದೊಂದು ಸಂಖ್ಯೆ ಇದೆ. 2000ದಲ್ಲಿ ಹಾಕಿದ ಫಲಕದಲ್ಲಿ 64 ಅಂತಲೇ ಇತ್ತು. 2010ರಲ್ಲಿ, ದುರಂತಕ್ಕೆ 70 ವರ್ಷ ಆದಾಗ, ಅದನ್ನು ತೆಗೆದು ಸಂಖ್ಯೆ ಇಲ್ಲದ ಹೊಸ ಫಲಕ ಹಾಕಿದರು. ನೀವು ನೋಡಿದ್ದು ಅದೇ.