ಆಟದ ಪೀರಿಯಡ್ಡೋ, ವಿಜ್ಞಾನದ ಪೀರಿಯಡ್ಡೋ?

ಕಾರ್ಕಳದಿಂದ ತಾಯಿಯೊಬ್ಬರ ಪತ್ರ: "ಮಗಳು ಒಂಬತ್ತನೇ ಕ್ಲಾಸು. ವಿಜ್ಞಾನದ ಟೀಚರ್ ಪಾಠದ ಹೊತ್ತಿನಲ್ಲೇ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸುತ್ತಾರೆ. ಬರುವ ವರ್ಷ ಎಸ್ಸೆಸ್ಸೆಲ್ಸಿ. ಹೀಗೆ ಆಡಿದರೆ ಫಿಸಿಕ್ಸ್ ಬರುತ್ತದಾ?"

ಸಂಪಾದಕರ ಉತ್ತರ:

ಬರುತ್ತದೆ ಅಮ್ಮಾ. ಆದರೆ ಸುಮ್ನೆ ಓಡಿ ಬಂದರೆ ಬರುವುದಿಲ್ಲ. ಅಳೆಯಬೇಕು, ಬರೆದುಕೊಳ್ಳಬೇಕು, ಆಮೇಲೆ ಅದರ ಮೇಲೆ ಜಗಳ ಆಡಬೇಕು.

ನಮ್ಮ ಕಂಬಳವನ್ನೇ ತೆಗೆದುಕೊಳ್ಳಿ. 2020ರಲ್ಲಿ ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದರು. 100 ಮೀಟರ್ ವಿಶ್ವದಾಖಲೆಯ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ದೇಶವಿಡೀ ಸುದ್ದಿಯಾಯಿತು. ಇದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಿಟ್ಟು ನೋಡಿ. ದೂರವನ್ನು ಸಮಯದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10.46 ಮೀಟರ್. ಅದು ಇಡೀ ಓಟದ ಸರಾಸರಿ. ಮೊದಲ 100 ಮೀಟರಿಗೂ ಅದೇ ವೇಗ ಇತ್ತಾ? ವಾಚ್ ಶುರುವಾದಾಗ ಕೋಣಗಳು ನಿಂತಿದ್ದವಾ, ಓಡುತ್ತಿದ್ದವಾ? ಬೋಲ್ಟ್ ತಮ್ಮ ಕಾಲಿನ ಬಲದಲ್ಲೇ ಓಡಿದರು. ಇಲ್ಲಿ ಮುಂದಕ್ಕೆ ಎಳೆಯುವ ಬಲ ಕೋಣಗಳದ್ದು, ಹಿಂದಕ್ಕೆ ಹಿಡಿಯುವುದು ಕೆಸರು. ಗೌಡರ ಓಟ ಇದರಿಂದ ಸಣ್ಣದಾಗುವುದಿಲ್ಲ. ಅದು ಬೇರೆಯೇ ಓಟ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಸರಾಸರಿ ವೇಗ, ಬಲ, ಘರ್ಷಣೆ ಮೂರೂ ಪಾಠ ಇದರಲ್ಲಿವೆ.

ಇನ್ನೊಂದು ಪ್ರಯೋಗ ಮನೆಯಲ್ಲೇ ಮಾಡಬಹುದು. ಮೂವತ್ತು ಸೆಂಟಿಮೀಟರ್ ಸ್ಕೇಲನ್ನು ನೀವು ಮೇಲಿನ ತುದಿಯಲ್ಲಿ ಹಿಡಿದು ನೆಟ್ಟಗೆ ತೂಗಿಸಿ. ಮಗಳು ಸೊನ್ನೆಯ ಗೆರೆಯ ಹತ್ತಿರ ಎರಡು ಬೆರಳು ಅಗಲಿಸಿ ಕಾಯಲಿ. ಹೇಳದೆ ಬಿಟ್ಟುಬಿಡಿ. 20 ಸೆಂಟಿಮೀಟರಿನಲ್ಲಿ ಹಿಡಿದರೆ ಅವಳಿಗೆ ಬೇಕಾದದ್ದು ಸುಮಾರು 0.2 ಸೆಕೆಂಡ್. ಗುರುತ್ವದ ಪಾಠದ ಸೂತ್ರದಿಂದ ಅವಳೇ ಇದನ್ನು ಲೆಕ್ಕ ಹಾಕಬಲ್ಲಳು. ಈಗ ಕ್ರಿಕೆಟ್ಟಿಗೆ ಬನ್ನಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್ ಕೈಯಿಂದ ಬ್ಯಾಟಿಗೆ ಬರಲು ಅರ್ಧ ಸೆಕೆಂಡೂ ಬೇಡ. ಅದರೊಳಗೆ ನೋಡಿ, ತೀರ್ಮಾನಿಸಿ, ಬ್ಯಾಟ್ ಬೀಸಬೇಕು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಡುವುದು ಇಷ್ಟೇ ಸಮಯದಲ್ಲಿ, ಅಲ್ವಾ?

ಅದೇ 0.2 ಸೆಕೆಂಡ್ ಮೈದಾನದಲ್ಲೂ ಎದುರಾಗುತ್ತದೆ. ಕೈಯಲ್ಲಿ ವಾಚ್ ಹಿಡಿದು ಗೆಳತಿಯ ಓಟ ಅಳೆಯುವವಳ ಬೆರಳು ಅಷ್ಟು ತಡ ಮಾಡಬಹುದು. ಹಾಗಿದ್ದರೆ 9.55ಕ್ಕೂ 9.58ಕ್ಕೂ ನಡುವಿನ 0.03 ಸೆಕೆಂಡನ್ನು ಕೈ ವಾಚಿನಿಂದ ನಂಬುವುದು ಹೇಗೆ? ಈ ಪ್ರಶ್ನೆ ಕೇಳುವ ಹುಡುಗಿ ವಿಜ್ಞಾನ ಕಲಿಯುತ್ತಿದ್ದಾಳೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಪರೀಕ್ಷೆಯ ಚಿಂತೆ ನನಗೆ ಅರ್ಥವಾಗುತ್ತದೆ. ಹತ್ತನೇ ಕ್ಲಾಸಿನ ಭೌತಶಾಸ್ತ್ರದಲ್ಲಿ ಬೆಳಕು, ವಿದ್ಯುತ್ತು ಜಾಸ್ತಿ. ಚಲನೆ, ಬಲ, ಗುರುತ್ವ ಒಂಬತ್ತರಲ್ಲೇ ಗಟ್ಟಿಯಾಗಬೇಕು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡರೆ ಇವೇ ಮೊದಲು ಎದುರಾಗುತ್ತವೆ. ಹಾಗಾಗಿ ಮೈದಾನಕ್ಕೆ ಹೋಗಲು ಇದೇ ಸರಿಯಾದ ವರ್ಷ. ಮಳೆ ಹಿಡಿದ ಮೇಲೆ ನಮ್ಮ ಕಡೆ ಮೈದಾನಕ್ಕೆ ಇಳಿಯಲಾಗದು, ಆಗ ಸ್ಕೇಲಿನ ಪ್ರಯೋಗ ಕ್ಲಾಸಿನೊಳಗೇ ನಡೆಯಲಿ.

ಒಮ್ಮೆ ಮಗಳ ನೋಟ್ಸ್ ತೆರೆದು ನೋಡಿ. ದೂರ, ಸಮಯದ ಪಟ್ಟಿ ಇದೆಯಾ? ಗ್ರಾಫ್ ಹಾಕಿದ್ದಾಳಾ? ಟೀಚರ್ ಸಿಕ್ಕಾಗ, ವಾಚ್ ಹಿಡಿಯುವ ಸರದಿ ಎಲ್ಲರಿಗೂ ಬರುತ್ತದಾ ಎಂದೂ ಕೇಳಿ. ಎಷ್ಟೋ ಕಡೆ ಜೋರಾಗಿ ಓಡುವ ನಾಲ್ಕು ಹುಡುಗರು ಓಡುತ್ತಾರೆ, ಉಳಿದವರು ಮರದ ನೆರಳಲ್ಲಿ ಕೂರುತ್ತಾರೆ. ನಿಮ್ಮ ಮಗಳು ಆ ನೆರಳಲ್ಲಿ ಕೂತವಳಾದರೆ, ನಿಮ್ಮ ದೂರು ನೂರಕ್ಕೆ ನೂರು ಸರಿ.