ಹಸು ಬಂತು, ಸಬ್ಸಿಡಿ ಎಲ್ಲಿ?

ಪ್ರಶ್ನೆ: ಹಸು ಕೊಂಡು ಮಳೆಗಾಲವೇ ಕಳೆಯಿತು. ಸಬ್ಸಿಡಿ ಕೇಳಿದರೆ ಕಚೇರಿಯವರು ‘ಹಾಕಿ ಆಗಿದೆ’ ಅಂತಾರೆ. ಪಾಸ್‌ಬುಕ್‌ನಲ್ಲಿ ಏನೂ ಇಲ್ಲ.
(ಓದುಗರು, ಬದಿಯಡ್ಕ)

ಉತ್ತರ: ಸುಮ್ನೆ ಜಗಳಕ್ಕೆ ಹೋಗಬೇಡಿ. ಮನೆಯಲ್ಲಿರುವ ಹಳೇ ಪಾಸ್‌ಬುಕ್‌ಗಳಿಗೂ ಎಂಟ್ರಿ ಹಾಕಿಸಿ ನೋಡಿ. ಆಧಾರ್ ಮೂಲಕ ಬರುವ ಹಣ ಕೊನೆಯ ಬಾರಿ ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ, ಅದು ಎಂದೋ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದು ಮರೆತದ್ದೂ ಆಗಿರಬಹುದು. ಅಲ್ಲೂ ಇಲ್ವಾ? ಹಸುವಿನ ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಅರ್ಜಿಯ ಜೊತೆ ತಾಳೆಯಾಗಬೇಕು. ಬಿಲ್ಲೆ ಬಿದ್ದುಹೋಗಿ ಹೊಸದು ಹಾಕಿಸಿದ್ದರೆ ತಕರಾರು ಬರುವುದು ಅಲ್ಲೇ.

ಆಮೇಲೂ ಬಾಯಿಮಾತೇ ಆದರೆ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಯಾವ ದಿನ, ಯಾವ ಖಾತೆಗೆ ಹಾಕಿದ್ದೀರಿ? 30 ದಿನದೊಳಗೆ ಉತ್ತರ ಕೊಡಬೇಕು. ಕನ್ನಡದಲ್ಲೇ ಬರೆಯಿರಿ, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಾದ ನಮಗೆ ಆ ಹಕ್ಕು ಕೊಟ್ಟಿದೆ.